ಮೊದಲು ತಾರೀಖು ಕೇಳಿದ ಕಚೇರಿ: ಮಕ್ಕಳ ಕಣ್ಣಿನ ನಿರ್ಲಕ್ಷ್ಯ ಪ್ರಕರಣಗಳ ದಾಖಲೆ ಪರಿಶೀಲನಾ ಸೇವೆಯ ಬಗ್ಗೆ

ಮಗುವಿನ ಕಣ್ಣಿನ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾಗಿದೆ ಎಂದು ಶಂಕಿಸುವ ಪೋಷಕರಿಗಾಗಿ, ದಾವೆ ಹೂಡುವುದಕ್ಕೆ ಮುನ್ನವೇ ಆಸ್ಪತ್ರೆಯ ದಾಖಲೆಗಳನ್ನೆಲ್ಲ ಓದಿ, ಪ್ರಕರಣದಲ್ಲಿ ಹುರುಳಿದೆಯೇ ಇಲ್ಲವೇ ಎಂಬುದನ್ನು ತಜ್ಞ ವೈದ್ಯರ ಅಭಿಪ್ರಾಯದೊಂದಿಗೆ ಬರವಣಿಗೆಯಲ್ಲಿ ತಿಳಿಸುವ ಸೇವೆಯನ್ನು ಕೆಲವು ವಕೀಲರ ಕಚೇರಿಗಳು ನೀಡುತ್ತವೆ. ನನ್ನ ತಂಗಿಯ ಮಗಳ ವಿಷಯದಲ್ಲಿ ನಮ್ಮ ಕುಟುಂಬ ಅಂಥ ಒಂದು ಕಚೇರಿಯ ನೆರವು ಪಡೆಯಿತು. ಪ್ರಕರಣ ಇನ್ನೂ ನ್ಯಾಯಾಲಯದ ಮುಂದಿರುವುದರಿಂದ ಕಚೇರಿಯ ಹೆಸರನ್ನಾಗಲಿ ಆಸ್ಪತ್ರೆಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಆದರೂ ಈ ವಿಮರ್ಶೆಯನ್ನು ಬರೆಯಬೇಕೆನಿಸಿದ್ದು, ಇಂಥ ಸೇವೆಯನ್ನು ಯಾವ ಮಾನದಂಡದಿಂದ ಅಳೆಯಬೇಕು ಎಂಬುದೇ ಹೆಚ್ಚಿನ ಪೋಷಕರಿಗೆ ತಿಳಿದಿರುವುದಿಲ್ಲ ಎಂಬ ಕಾರಣಕ್ಕೆ. ನಮಗೂ ತಿಳಿದಿರಲಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕಚೇರಿ ನಮ್ಮ ದೂರಿನ ಅರ್ಧ ಭಾಗವನ್ನು ತಿರಸ್ಕರಿಸಿತು, ಮತ್ತು ಅದೇ ಅದರ ಸೇವೆಯ ಅತ್ಯುತ್ತಮ ಅಂಶ.

ಮಗು ಹುಟ್ಟಿದ್ದು 29ನೇ ವಾರದಲ್ಲಿ. ಅಷ್ಟು ಬೇಗ ಹುಟ್ಟಿದ ಶಿಶುಗಳಿಗೆ ಆರ್‌ಒಪಿ ಎಂದು ಕರೆಯುವ, ಅವಧಿಪೂರ್ವ ಶಿಶುಗಳ ರೆಟಿನಾ (ಕಣ್ಣಿನ ಒಳಗೆ ಬೆಳಕನ್ನು ಗ್ರಹಿಸುವ ಪರದೆ) ಕಾಯಿಲೆಯ ಅಪಾಯವಿರುತ್ತದೆ. ಗರ್ಭದಲ್ಲಿ ಸುಮಾರು 16ನೇ ವಾರದಿಂದ ರೆಟಿನಾದ ರಕ್ತನಾಳಗಳು ಕಣ್ಣಿನ ನರದ ಬಳಿಯಿಂದ ಅಂಚಿನ ಕಡೆಗೆ ಬೆಳೆಯತೊಡಗುತ್ತವೆ. ಆ ಬೆಳವಣಿಗೆ ಪೂರ್ಣಗೊಳ್ಳುವುದು ಹೆಚ್ಚುಕಡಿಮೆ 40ನೇ ವಾರದ ಹೊತ್ತಿಗೆ. ಮಧ್ಯದಲ್ಲೇ ಹುಟ್ಟಿದ ಮಗುವಿನಲ್ಲಿ ನಾಳಗಳು ಅರ್ಧಕ್ಕೆ ನಿಂತು, ಆಮೇಲೆ ಅಸಹಜವಾಗಿ ಕವಲೊಡೆದು, ಕೊನೆಗೆ ರೆಟಿನಾವನ್ನೇ ಎಳೆದು ಬಿಡಿಸಿಬಿಡಬಹುದು. ಕಾಯಿಲೆಯ ಆರಂಭದಲ್ಲಿ ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ, ತರಬೇತಿ ಪಡೆದ ನೇತ್ರತಜ್ಞರು ಒಳಗೆ ನೋಡಿದರೆ ಮಾತ್ರ ತಿಳಿಯುತ್ತದೆ. ಈ ಕಾರಣದಿಂದ ಹಲವು ದೇಶಗಳು ತಪಾಸಣೆಯ ಮಿತಿಗಳನ್ನು ನಿಗದಿ ಮಾಡಿವೆ. ಅಮೆರಿಕದಲ್ಲಿ 1500 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ, ಇಲ್ಲವೇ 30 ವಾರ ಅಥವಾ ಅದಕ್ಕೂ ಮೊದಲು ಹುಟ್ಟಿದ ಶಿಶುಗಳಿಗೆ ತಪಾಸಣೆ ಆಗಬೇಕು. ಭಾರತದಲ್ಲಿ ಇನ್ನೂ ದೊಡ್ಡ ಶಿಶುಗಳಲ್ಲೂ ಕಾಯಿಲೆ ಕಾಣಿಸುವುದರಿಂದ ಮಿತಿಯನ್ನು 2000 ಗ್ರಾಂ ಮತ್ತು 34 ವಾರಗಳವರೆಗೆ ವಿಸ್ತರಿಸಲಾಗಿದೆ. ಮೊದಲ ತಪಾಸಣೆ ಸಾಮಾನ್ಯವಾಗಿ ಹುಟ್ಟಿದ ನಾಲ್ಕನೇ ವಾರದ ಹೊತ್ತಿಗೆ. ಚಿಕಿತ್ಸೆ ಬೇಕೆಂದು ತೀರ್ಮಾನವಾದರೆ ಎರಡು ಮೂರು ದಿನಗಳೊಳಗೆ ಅದು ನಡೆಯಬೇಕು. ಇಷ್ಟು ಬಿಗಿಯಾದ ಗಡಿಯಾರ ಕಣ್ಣಿನ ಬೇರೆ ಕಾಯಿಲೆಗಳಲ್ಲಿ ಬಹಳ ಕಡಿಮೆ.

ನಾವು ಕಚೇರಿಗೆ ಹೋದಾಗ ನಮ್ಮಲ್ಲಿದ್ದದ್ದು ಒಂದೇ ಮಾತು: ಎರಡು ಆಸ್ಪತ್ರೆಗಳು ಸೇರಿ ಮಗುವಿನ ಕಣ್ಣು ಹಾಳು ಮಾಡಿದವು. ಮೊದಲ ಆಸ್ಪತ್ರೆ ತಪಾಸಣೆಯನ್ನೇ ಮಾಡಲಿಲ್ಲ, ಎರಡನೆಯದು ಲೇಸರ್ ಮಾಡಿಯೂ ದೃಷ್ಟಿ ಉಳಿಸಲಿಲ್ಲ. ಬಲಗಣ್ಣಿನ ರೆಟಿನಾ ಪೂರ್ತಿ ಕಳಚಿತ್ತು; ಎಡಗಣ್ಣಿನಲ್ಲಿ ಸ್ವಲ್ಪ ದೃಷ್ಟಿ ಇತ್ತು, ಆದರೆ ರೆಟಿನಾದ ನಡುಭಾಗ ಪಕ್ಕಕ್ಕೆ ಎಳೆದುಕೊಂಡಿತ್ತು. ಅಲ್ಲಿನ ಹಿರಿಯ ವಕೀಲೆ ನಮ್ಮ ಮಾತನ್ನು ಅಡ್ಡಿಪಡಿಸದೆ ಕೇಳಿದರು, ಕೇಳಿ ಮುಗಿದ ಮೇಲೆ ಯಾವ ಭರವಸೆಯನ್ನೂ ಕೊಡದೆ, ಒಂದು ಖಾಲಿ ಹಾಳೆಯನ್ನು ನನ್ನ ತಂಗಿಯ ಮುಂದಿಟ್ಟು, "ಅಮ್ಮ, ನಿಮಗೆ ನೆನಪಿರುವ ತಾರೀಖುಗಳನ್ನು ಮಾತ್ರ ಬರೆಯಿರಿ. ಯಾರ ತಪ್ಪು ಎಂಬುದನ್ನು ಆಮೇಲೆ ನೋಡೋಣ" ಎಂದರು. ಆ ಕ್ಷಣಕ್ಕೆ ಅದು ಕಠೋರವಾಗಿ ಕಂಡಿತು. ಆದರೆ ಇಡೀ ಪ್ರಕರಣ ನಿಂತಿದ್ದು ಆ ತಾರೀಖುಗಳ ಮೇಲೆಯೇ.

ನಂತರದ ಹಂತ ದಾಖಲೆಗಳದ್ದು. ಡಿಸ್ಚಾರ್ಜ್ ಸಾರಾಂಶವೊಂದೇ ಸಾಕೆಂದು ನಾವು ತಿಳಿದಿದ್ದೆವು. ಕಚೇರಿಯವರು ಕೇಳಿದ್ದು ನವಜಾತ ಶಿಶುಗಳ ತೀವ್ರ ನಿಗಾ ಘಟಕದ, ಅಂದರೆ ಎನ್‌ಐಸಿಯುವಿನ ದಿನವಾರು ಕೇಸ್ ಶೀಟ್, ದಾದಿಯರ ಟಿಪ್ಪಣಿ, ಆಮ್ಲಜನಕದ ಪ್ರಮಾಣ ಬರೆದಿಟ್ಟ ಚಾರ್ಟ್, ರಕ್ತ ನೀಡಿದ ವಿವರ, ಬೇರೆ ವಿಭಾಗಗಳ ವೈದ್ಯರನ್ನು ಕರೆಸಲು ಕಳಿಸಿದ ಚೀಟಿಗಳು ಮತ್ತು ಎರಡನೆಯ ಆಸ್ಪತ್ರೆಯಲ್ಲಿ ತೆಗೆದ ರೆಟಿನಾದ ಚಿತ್ರಗಳು. ಇವನ್ನು ಪಡೆಯಲು ಆಸ್ಪತ್ರೆಗೆ ಬರೆಯಬೇಕಾದ ಅರ್ಜಿಯ ಕರಡನ್ನೂ ಅವರೇ ಸಿದ್ಧಪಡಿಸಿಕೊಟ್ಟರು. ಅದರಲ್ಲಿ ಆರೋಪದ ಒಂದು ಪದವೂ ಇರಲಿಲ್ಲ. ಕೋಪದಿಂದ ಬರೆದ ಅರ್ಜಿಗೆ ಆಸ್ಪತ್ರೆಯ ವಕೀಲರು ಉತ್ತರಿಸುತ್ತಾರೆ, ಶಾಂತವಾಗಿ ಬರೆದ ಅರ್ಜಿಗೆ ದಾಖಲೆ ವಿಭಾಗ ಉತ್ತರಿಸುತ್ತದೆ ಎಂಬುದು ಅವರ ವಿವರಣೆಯಾಗಿತ್ತು. ದಾಖಲೆಗಳು ನಮ್ಮ ಕೈ ಸೇರಿದ್ದು ನಿಧಾನವಾಗಿಯಾದರೂ, ಅಪೂರ್ಣವಾಗಿ ಅಲ್ಲ.

ಅವುಗಳನ್ನು ಜೋಡಿಸಿ ಕಚೇರಿ ತಯಾರಿಸಿದ ಕಾಲಾನುಕ್ರಮಣಿಕೆಯನ್ನು ನಾನು ಈ ಸೇವೆಯ ಹೃದಯ ಎಂದು ಕರೆಯುತ್ತೇನೆ. ನಮಗೆ ಗೊತ್ತಿಲ್ಲದ ಸಂಗತಿಯೊಂದು ಅದರಲ್ಲಿ ಹೊರಬಂತು. ಮೊದಲ ಆಸ್ಪತ್ರೆ ಕಣ್ಣಿನ ತಪಾಸಣೆಯನ್ನು ಮರೆತೇ ಇರಲಿಲ್ಲ. ನಾಲ್ಕನೇ ವಾರದಲ್ಲಿ ನೇತ್ರತಜ್ಞರನ್ನು ಕರೆಸಲು ಚೀಟಿ ಹೋಗಿತ್ತು. ಆ ದಿನ ಮಗುವಿನ ಉಸಿರಾಟ ಸ್ಥಿರವಾಗಿರಲಿಲ್ಲ ಎಂದು ತಪಾಸಣೆಯನ್ನು ಮುಂದೂಡಲಾಗಿತ್ತು. ಮುಂದೂಡಿದ್ದು ತಪ್ಪಲ್ಲ ಎಂದು ವರದಿ ಸ್ಪಷ್ಟವಾಗಿ ಹೇಳಿತು, ಏಕೆಂದರೆ ರೆಪ್ಪೆ ಅಗಲಿಸಿ ನೋಡುವ ಈ ತಪಾಸಣೆಯಿಂದ ದುರ್ಬಲ ಶಿಶುಗಳ ಹೃದಯಬಡಿತ ಮತ್ತು ಉಸಿರಾಟದಲ್ಲಿ ಏರುಪೇರಾಗುವ ಸಾಧ್ಯತೆ ಇದ್ದೇ ಇದೆ. ತಪ್ಪಾದದ್ದು ಅದಾದ ಮೇಲೆ. ಮುಂದೂಡಿದ ತಪಾಸಣೆಗೆ ಹೊಸ ತಾರೀಖನ್ನು ಯಾರೂ ಬರೆಯಲಿಲ್ಲ. ಶಿಶುತಜ್ಞರು ನೇತ್ರ ವಿಭಾಗ ನೋಡಿಕೊಳ್ಳುತ್ತದೆ ಎಂದುಕೊಂಡರು, ನೇತ್ರ ವಿಭಾಗ ಮತ್ತೆ ಕರೆ ಬರುತ್ತದೆ ಎಂದು ಕಾಯಿತು. ಮಗುವನ್ನು ಮನೆಗೆ ಕಳಿಸುವಾಗ ಕೊಟ್ಟ ಸಾರಾಂಶದಲ್ಲಿ ಲಸಿಕೆಯ ದಿನವಿತ್ತು, ಕಬ್ಬಿಣದ ಹನಿಯ ಪ್ರಮಾಣವಿತ್ತು, ಕಣ್ಣಿನ ಮಾತೇ ಇರಲಿಲ್ಲ. ಮಗು ದೀಪದ ಕಡೆ ತಿರುಗುತ್ತಿಲ್ಲವೆಂದು ನನ್ನ ತಂಗಿ ತಾನಾಗಿಯೇ ಎರಡನೆಯ ಆಸ್ಪತ್ರೆಗೆ ಹೋದಾಗ ಮಗುವಿಗೆ ಹನ್ನೆರಡು ವಾರ.

ಆರ್‌ಒಪಿ ಪ್ರಕರಣಗಳಲ್ಲಿ ಇಂಥ ಕೈತಪ್ಪುವಿಕೆಯೇ ಮತ್ತೆ ಮತ್ತೆ ಕಾಣಿಸುವ ದೋಷ ಎಂದು ವರದಿ ಹೇಳಿ, ಭಾರತದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಉಲ್ಲೇಖಿಸಿತ್ತು. 2015ರ ತೀರ್ಪು 1996ರಲ್ಲಿ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿ, ಆರ್‌ಒಪಿ ತಪಾಸಣೆಯ ಸಲಹೆಯಿಲ್ಲದೆ ದೃಷ್ಟಿ ಕಳೆದುಕೊಂಡ ಹೆಣ್ಣುಮಗುವಿಗೆ ಸಂಬಂಧಿಸಿದ್ದು. ಪರಿಹಾರವನ್ನು ಲೆಕ್ಕ ಹಾಕುವಾಗ ನ್ಯಾಯಾಲಯ ಮುಂದಿನ ಚಿಕಿತ್ಸೆಯ ಖರ್ಚನ್ನೂ ಹಣದುಬ್ಬರವನ್ನೂ ಗಣನೆಗೆ ತೆಗೆದುಕೊಂಡಿತ್ತು. 2019ರ ತೀರ್ಪು ಖಾಸಗಿ ಆಸ್ಪತ್ರೆಯಲ್ಲಿ 32ನೇ ವಾರಕ್ಕೆ ಹುಟ್ಟಿದ ಗಂಡುಮಗುವಿನದು; ಅಲ್ಲಿ ವೈದ್ಯರ ಜೊತೆಗೆ ಆಸ್ಪತ್ರೆಯೂ ಹೊಣೆ ಹೊರಬೇಕೆಂದು ನ್ಯಾಯಾಲಯ ಎತ್ತಿಹಿಡಿಯಿತು. ನಮ್ಮ ಪ್ರಕರಣಕ್ಕೆ ಇವೆರಡರ ಮಹತ್ವ ಒಂದೇ: ಮಗುವನ್ನು ಮನೆಗೆ ಕಳಿಸಿದ ಮಾತ್ರಕ್ಕೆ ಆಸ್ಪತ್ರೆಯ ಕರ್ತವ್ಯ ಮುಗಿಯುವುದಿಲ್ಲ, ಮುಂದಿನ ಅಪಾಯವನ್ನು ತಿಳಿಸುವುದೂ ಅದರ ಪಾಲಿನ ಕೆಲಸವೇ.

ಇಷ್ಟರಲ್ಲೇ ಗೆದ್ದೆವು ಎಂದು ನಾವು ಭಾವಿಸಿದ್ದೆವು. ಕಚೇರಿ ಅಲ್ಲಿ ನಮ್ಮನ್ನು ತಡೆದು ನಿಲ್ಲಿಸಿತು. ಕರ್ತವ್ಯ ಲೋಪವಾಗಿದೆ ಎಂದು ತೋರಿಸುವುದು ಒಂದು ಮಾತು, ಆ ಲೋಪದಿಂದಲೇ ಹಾನಿಯಾಯಿತು ಎಂದು ಸಾಬೀತು ಮಾಡುವುದು ಇನ್ನೊಂದು. ಎರಡನೆಯದು ಎಷ್ಟು ಕಷ್ಟ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ 1988ರಲ್ಲಿ ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ವಿಲ್ಷರ್ ಪ್ರಕರಣ. ಅಲ್ಲಿ ಅವಧಿಪೂರ್ವ ಶಿಶುವಿನ ಅಪಧಮನಿಗೆ ಹಾಕಬೇಕಿದ್ದ ನಳಿಕೆಯನ್ನು ಕಿರಿಯ ವೈದ್ಯರೊಬ್ಬರು ಅಭಿಧಮನಿಗೆ ಹಾಕಿದ್ದರು. ಇದರಿಂದ ಆಮ್ಲಜನಕದ ಅಳತೆ ತಪ್ಪಾಗಿ, ಮಗುವಿಗೆ ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಹೋಯಿತು. ಮಗುವಿನ ದೃಷ್ಟಿ ಬಹುಪಾಲು ಹೋಯಿತು. ತಪ್ಪು ಕಣ್ಣಿಗೆ ಕಾಣುವಂತಿತ್ತು. ಆದರೂ ರೆಟಿನಾದ ಹಾನಿಗೆ ಹೆಚ್ಚಿನ ಆಮ್ಲಜನಕವಲ್ಲದೆ ಮಿದುಳಿನ ರಕ್ತಸ್ರಾವ, ಉಸಿರು ನಿಲ್ಲುವಿಕೆ ಮೊದಲಾದ ಬೇರೆ ಕಾರಣಗಳೂ ಆ ಮಗುವಿನಲ್ಲಿದ್ದುದರಿಂದ, ಇದೇ ಕಾರಣವೆಂದು ಊಹಿಸಲಾಗದು ಎಂದು ಹೇಳಿದ ನ್ಯಾಯಾಲಯ ಮರುವಿಚಾರಣೆಗೆ ಆದೇಶಿಸಿತು. ನನ್ನ ತಂಗಿಗೆ ಈ ಕಥೆಯನ್ನು ಓದಿ ಹೇಳುವುದು ನನಗೆ ಸುಲಭವಾಗಲಿಲ್ಲ. ಆದರೆ ದಾವೆ ಹೂಡುವ ಮೊದಲೇ ಇದು ನಮಗೆ ತಿಳಿದದ್ದು ಎಷ್ಟು ಒಳ್ಳೆಯದಾಯಿತು ಎಂದು ಈಗಲೂ ಅನಿಸುತ್ತದೆ.

ಎದುರು ಪಕ್ಷದವರು ಏನು ಹೇಳಬಹುದು ಎಂಬುದನ್ನೂ ವರದಿ ಮುಚ್ಚಿಡಲಿಲ್ಲ. ಸಕಾಲದಲ್ಲಿ ಚಿಕಿತ್ಸೆ ಆದರೂ ಎಲ್ಲ ಕಣ್ಣುಗಳೂ ಉಳಿಯುವುದಿಲ್ಲ. 2003ರಲ್ಲಿ ಪ್ರಕಟವಾದ, ಈ ಕಾಯಿಲೆಗೆ ಬೇಗನೆ ಚಿಕಿತ್ಸೆ ನೀಡುವುದನ್ನು ಪರೀಕ್ಷಿಸಿದ ಇಟಿಆರ್‌ಒಪಿ ಎಂಬ ಅಧ್ಯಯನದಲ್ಲಿ ಬೇಗನೆ ಚಿಕಿತ್ಸೆ ಪಡೆದ ಕಣ್ಣುಗಳಲ್ಲಿಯೂ ಶೇಕಡಾ 9.1ರಷ್ಟರಲ್ಲಿ ರೆಟಿನಾದ ರಚನೆ ಕೆಟ್ಟಿತ್ತು. ಹಳೆಯ ಪದ್ಧತಿಯಂತೆ ಕಾದು ಚಿಕಿತ್ಸೆ ಮಾಡಿದ ಕಣ್ಣುಗಳಲ್ಲಿ ಆ ಪ್ರಮಾಣ ಶೇಕಡಾ 15.6 ಇತ್ತು. "ನಿಮ್ಮ ಮಗು ಆ ಒಂಬತ್ತರಲ್ಲಿ ಒಂದಾಗಿರಬಹುದು" ಎಂಬ ವಾದ ಬಂದೇ ಬರುತ್ತದೆ ಎಂದು ವಕೀಲೆ ಎಚ್ಚರಿಸಿದರು. ಅದಕ್ಕೆ ತಜ್ಞರ ಉತ್ತರವೂ ಅದೇ ಅಂಕಿಗಳಲ್ಲಿತ್ತು: ಸಕಾಲದ ಚಿಕಿತ್ಸೆಯಿಂದ ಹತ್ತರಲ್ಲಿ ಒಂಬತ್ತು ಕಣ್ಣುಗಳ ರೆಟಿನಾ ಉಳಿಯುತ್ತದೆ ಎಂದಾದರೆ, ತಪಾಸಣೆ ನಡೆದಿದ್ದರೆ ಬಲಗಣ್ಣು ಕಳಚದೆ ಇರುವ ಸಂಭವವೇ ಹೆಚ್ಚು. ಸಿವಿಲ್ ಪ್ರಕರಣದಲ್ಲಿ ಬೇಕಾದದ್ದು ಸಂಭವದ ತೂಕ. ಸಂಪೂರ್ಣ ಖಚಿತತೆ ಬೇಕಿಲ್ಲ.

ಎರಡನೆಯ ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಅವರು ಇಲ್ಲವೆಂದರು. ಅಲ್ಲಿಗೆ ಹೋದ ಮರುದಿನವೇ ಎಡಗಣ್ಣಿಗೆ ಲೇಸರ್ ಆಗಿತ್ತು. ಸುಟ್ಟ ಗುರುತುಗಳ ವ್ಯಾಪ್ತಿ ಚಿತ್ರಗಳಲ್ಲಿ ಸರಿಯಾಗಿ ಕಾಣುತ್ತಿತ್ತು. ಫಲಿತಾಂಶ ಅನಿಶ್ಚಿತ ಎಂದು ಪೋಷಕರಿಗೆ ತಿಳಿಸಿ ಸಹಿ ಪಡೆದಿದ್ದರು. ಮರುತಪಾಸಣೆಗಳೂ ಹೊತ್ತಿಗೆ ಸರಿಯಾಗಿ ನಡೆದಿದ್ದವು. ಎಡಗಣ್ಣಿನ ದೃಷ್ಟಿ ಕುಂದಿದ್ದರೆ ಅದರ ಹೊಣೆ ತಡವಾಗಿ ಬಂದದ್ದಕ್ಕೆ, ಅಂದರೆ ಮೊದಲ ಆಸ್ಪತ್ರೆಯ ಲೋಪಕ್ಕೆ ಸೇರುತ್ತದೆ ಎಂಬುದು ತಜ್ಞರ ಮತ. ಕೆಟ್ಟ ಫಲಿತಾಂಶವೆಲ್ಲ ನಿರ್ಲಕ್ಷ್ಯವಲ್ಲ ಎಂಬ ಮಾತನ್ನು ವೈದ್ಯರ ಬಾಯಲ್ಲಿ ಕೇಳಿದರೆ ತಂದೆತಾಯಿಗೆ ಅದು ನುಣುಚಿಕೊಳ್ಳುವ ಮಾತಿನಂತೆ ಕೇಳುತ್ತದೆ. ನಮ್ಮ ಪರವಾಗಿ ಕೂತವರೇ ದಾಖಲೆಯ ಪುಟ ತೋರಿಸಿ ಹೇಳಿದಾಗ ನನ್ನ ಭಾವ ಕೂಡ ಒಪ್ಪಿಕೊಂಡರು. ಎರಡೂ ಆಸ್ಪತ್ರೆಗಳನ್ನು ಪ್ರತಿವಾದಿಗಳನ್ನಾಗಿ ಮಾಡಿದ್ದರೆ, ಇಂದಿಗೂ ಮಗುವಿನ ಕಣ್ಣನ್ನು ನೋಡುತ್ತಿರುವ ವೈದ್ಯರನ್ನೇ ಎದುರು ಪಕ್ಷಕ್ಕೆ ತಳ್ಳಿದಂತಾಗುತ್ತಿತ್ತು. ಈ ಪ್ರಕರಣದಲ್ಲಿ ಅವರೀಗ ನಮ್ಮ ಸಾಕ್ಷಿ.

ಈ ಕಚೇರಿ ಆರ್‌ಒಪಿ ಅಷ್ಟನ್ನೇ ನೋಡುತ್ತದೆ ಎಂದು ಯಾರೂ ತಿಳಿಯಬಾರದು. ಪೋಷಕರಿಗೆಂದು ಅವರು ಕೊಡುವ ಕಿರುಹೊತ್ತಿಗೆಯಲ್ಲಿ ಬೇರೆ ಬಗೆಯ ಪ್ರಕರಣಗಳ ವಿವರಣೆಯೂ ಇದೆ, ಮತ್ತು ಅದು ಚೆನ್ನಾಗಿದೆ. ಹುಟ್ಟಿನಿಂದ ಬರುವ ಗ್ಲಾಕೋಮಾದಲ್ಲಿ (ಕಣ್ಣಿನ ಒಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ) ಕಣ್ಣೀರು ಸುರಿಯುವುದು ಮತ್ತು ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು ಮೊದಲ ಲಕ್ಷಣಗಳು. ಅದನ್ನು ಕಣ್ಣೀರಿನ ನಾಳ ಕಟ್ಟಿಕೊಂಡಿದೆ ಎಂದು ತಿಳಿದು ತಿಂಗಳುಗಟ್ಟಲೆ ಮಸಾಜು ಮಾಡಿಸಿದರೆ ಅಷ್ಟರಲ್ಲಿ ನರ ಸಾಯುತ್ತದೆ. ಹುಟ್ಟಿದಾಗಲೇ ಒಂದು ಕಣ್ಣಿನಲ್ಲಿ ದಟ್ಟವಾದ ಪೊರೆಯಿದ್ದರೆ ಸುಮಾರು ಆರು ವಾರಗಳೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು, ಏಕೆಂದರೆ ಬೆಳಕನ್ನೇ ಕಾಣದ ಕಣ್ಣನ್ನು ಮಿದುಳು ಬಳಸಲು ಕಲಿಯುವುದಿಲ್ಲ. ಪಾಪೆಯಲ್ಲಿ ಬಿಳಿ ಹೊಳಪು ಅಥವಾ ಹೊಸದಾಗಿ ಕಂಡ ಮೆಳ್ಳೆಗಣ್ಣು ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಗುರುತಾಗಿರಬಹುದು. ದೊಡ್ಡವಳಾದಾಗ ಸರಿಹೋಗುತ್ತದೆ ಎಂದು ಪಾಪೆ ಹಿಗ್ಗಿಸಿ ನೋಡದೆ ಕಳಿಸಿದರೆ ಹೋಗುವುದು ಕಣ್ಣಷ್ಟೇ ಅಲ್ಲ, ಜೀವವೂ ಹೋಗಬಹುದು. ಅದೇ ಹೊತ್ತಿಗೆಯಲ್ಲಿ, ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕಣ್ಣು ಮತ್ತೆ ವಾಲಿತು ಎಂಬುದೊಂದೇ ಕಾರಣಕ್ಕೆ ದಾವೆ ನಿಲ್ಲುವುದಿಲ್ಲ, ಏಕೆಂದರೆ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪವಲ್ಲ ಎಂದೂ ಬರೆದಿದೆ. ಗಿರಾಕಿಗಳನ್ನು ಕಡಿಮೆ ಮಾಡುವ ಇಂಥ ವಾಕ್ಯವನ್ನು ತನ್ನದೇ ಹೊತ್ತಿಗೆಯಲ್ಲಿ ಅಚ್ಚು ಹಾಕಿಸುವ ಕಚೇರಿಯನ್ನು ನಾನು ನಂಬುತ್ತೇನೆ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಮೊದಲಿಗೆ ನಮ್ಮ ದಾಖಲೆಗಳನ್ನು ಕಳಿಸಿದ್ದು ಮುಖ್ಯವಾಗಿ ವಯಸ್ಕರ ಮಧುಮೇಹದ ರೆಟಿನಾ ತೊಂದರೆಗಳನ್ನು ನೋಡುವ ತಜ್ಞರೊಬ್ಬರಿಗೆ. ಅವರ ಅಭಿಪ್ರಾಯ ಎರಡೇ ಪುಟದ್ದಾಗಿದ್ದು, ಎನ್‌ಐಸಿಯುವಿನ ಕೆಲಸದ ಕ್ರಮದ ಬಗ್ಗೆ ಏನನ್ನೂ ಹೇಳಲಿಲ್ಲ. ನಾವು ಆಕ್ಷೇಪಿಸಿದ ಮೇಲೆಯೇ ಶಿಶುಗಳ ರೆಟಿನಾ ಚಿಕಿತ್ಸೆಯಲ್ಲಿ ಅನುಭವವಿರುವವರಿಗೂ, ನವಜಾತ ಶಿಶುತಜ್ಞರೊಬ್ಬರಿಗೂ ದಾಖಲೆಗಳು ಹೋದವು. ಇಂಥ ಪ್ರಕರಣಕ್ಕೆ ಇಬ್ಬರೂ ಬೇಕೇ ಬೇಕು: ಕಣ್ಣನ್ನು ಯಾವಾಗ ನೋಡಬೇಕಿತ್ತು ಎಂಬುದನ್ನು ಒಬ್ಬರು ಹೇಳಬೇಕು, ನೇತ್ರತಜ್ಞರನ್ನು ಕರೆಸುವ ಹೊಣೆ ಯಾರದಿತ್ತು ಎಂಬುದನ್ನು ಇನ್ನೊಬ್ಬರು ಹೇಳಬೇಕು. ಇದು ಮೊದಲ ದಿನವೇ ಕಚೇರಿಗೆ ತಿಳಿದಿರಬೇಕಿದ್ದ ವಿಷಯ, ಪೋಷಕರು ಎತ್ತಿ ಹೇಳಬೇಕಾದ ವಿಷಯವಲ್ಲ. ಆ ಎಡವಟ್ಟಿನಿಂದ ಪರಿಶೀಲನೆ ಬಹಳ ದಿನ ಎಳೆಯಿತು, ಮತ್ತು ಆ ಅವಧಿಯಲ್ಲಿ ಫೋನು ಮಾಡಿದರೆ ಸಿಗುತ್ತಿದ್ದ ಉತ್ತರ "ಬಂದ ಮೇಲೆ ತಿಳಿಸುತ್ತೇವೆ" ಎಂಬುದಷ್ಟೇ. ದಿನಗಳನ್ನು ಲೆಕ್ಕಿಸುತ್ತಾ ಕೂತಿರುವ ತಾಯಿಗೆ ಇಷ್ಟು ಉತ್ತರ ಸಾಲದು.

ವರದಿಯ ಭಾಷೆಯ ಬಗ್ಗೆಯೂ ನನಗೆ ತಕರಾರಿದೆ. ನ್ಯಾಯಾಲಯಕ್ಕೆ ಸಲ್ಲಿಸುವ ಪ್ರತಿ ತಾಂತ್ರಿಕವಾಗಿರುವುದು ಸರಿಯೇ. ಆದರೆ ಪೋಷಕರಿಗೆ ಕೊಡುವ ಪ್ರತಿಯಲ್ಲಿ ಝೋನ್, ಸ್ಟೇಜ್, ಪ್ಲಸ್ ಡಿಸೀಸ್ ಎಂಬ ಪದಗಳನ್ನು ವಿವರಣೆಯಿಲ್ಲದೆ ಬಿಡಬಾರದಿತ್ತು. ರೆಟಿನಾದ ಯಾವ ವಲಯದಲ್ಲಿ ಕಾಯಿಲೆಯಿದೆ, ಅದು ಎಷ್ಟನೇ ಹಂತಕ್ಕೆ ಹೋಗಿದೆ, ನಾಳಗಳು ಎಷ್ಟು ಊದಿ ಸೊಟ್ಟಗಾಗಿವೆ ಎಂಬ ಮೂರು ಸಂಗತಿಗಳನ್ನು ಆ ಪದಗಳು ಹೇಳುತ್ತವೆ ಎಂಬುದನ್ನು ಒಂದು ಪ್ಯಾರಾದಲ್ಲಿ ವಿವರಿಸಬಹುದಿತ್ತು. ನಾನು ಮಗುವಿನ ವೈದ್ಯರ ಬಳಿ ಕೇಳಿ ತಿಳಿದುಕೊಂಡೆ.

ಶುಲ್ಕದ ವಿಷಯದಲ್ಲಿ ಅವರ ನಡೆ ನೇರವಾಗಿತ್ತು. ಪರಿಶೀಲನೆಗೆ ಮೊದಲೇ ನಿಗದಿಪಡಿಸಿದ ಶುಲ್ಕ. ದಾವೆ ಹೂಡಿದರೂ ಹೂಡದಿದ್ದರೂ ಅದು ಅಷ್ಟೇ. ಅಮೆರಿಕದಂಥ ಕಡೆ ವಕೀಲರು ಗೆದ್ದ ಪರಿಹಾರದಲ್ಲಿ ಪಾಲು ಪಡೆಯುವುದು ಸಾಮಾನ್ಯ, ಭಾರತದಲ್ಲಿ ವಕೀಲರ ವೃತ್ತಿನಿಯಮಗಳು ಅದನ್ನು ನಿಷೇಧಿಸಿವೆ. ಪದ್ಧತಿ ಯಾವುದೇ ಇರಲಿ, ಪ್ರಕರಣದಲ್ಲಿ ಹುರುಳಿದೆ ಎಂದು ಹೇಳುವುದರಿಂದಲೇ ಲಾಭ ಪಡೆಯುವವರು ಪರಿಶೀಲನೆ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡನೆಯ ಸುತ್ತಿನ ತಜ್ಞರ ಖರ್ಚನ್ನು ಅವರು ನಮ್ಮಿಂದ ಕೇಳಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಕಾಲಮಿತಿಯ ಬಗ್ಗೆ ಅವರು ಕೊಟ್ಟ ಸಲಹೆ ಎಷ್ಟೋ ಪೋಷಕರಿಗೆ ಉಪಯೋಗವಾದೀತು. ಮಗು ಅಪ್ರಾಪ್ತ ವಯಸ್ಸಿನದಾದ್ದರಿಂದ ಬೇಕಾದಷ್ಟು ಸಮಯವಿದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಇಂಗ್ಲೆಂಡಿನಲ್ಲಿ ಮಗುವಿನ ಹೆಸರಿನಲ್ಲಿ ಹೂಡುವ ಇಂಥ ದಾವೆಗೆ ಸಾಮಾನ್ಯವಾಗಿ 21ನೇ ಹುಟ್ಟುಹಬ್ಬದವರೆಗೆ ಅವಕಾಶವಿದೆ. ಭಾರತದ ಗ್ರಾಹಕ ಆಯೋಗಗಳಲ್ಲಿ ದೂರಿಗೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ತಂದೆತಾಯಿ ತಮ್ಮ ಖರ್ಚಿಗಾಗಿ ಕೇಳುವ ಪರಿಹಾರದ ಗಡಿಯಾರ ಮಗುವಿನದಕ್ಕಿಂತ ಬೇರೆಯಾಗಿ ಓಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಕಾನೂನು ಕಾದರೂ ದಾಖಲೆಗಳು ಕಾಯುವುದಿಲ್ಲ. ಹಳೆಯ ಕಡತಗಳನ್ನು ಆಸ್ಪತ್ರೆಗಳು ನಿಗದಿತ ಅವಧಿಯ ನಂತರ ನಾಶ ಮಾಡುತ್ತವೆ.

ನನಗೆ ಅತಿ ಹೆಚ್ಚು ಬೇಸರ ತಂದ ಕೊರತೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಇಷ್ಟೆಲ್ಲ ಆಸ್ಥೆಯಿಂದ ಕಳೆದುಹೋದ ದೃಷ್ಟಿಯ ಲೆಕ್ಕ ಹಾಕಿದ ಕಚೇರಿ, ಉಳಿದಿರುವ ದೃಷ್ಟಿಯ ಬಗ್ಗೆ ಬಹಳ ತಡವಾಗಿ ಕೇಳಿತು. ಎಡಗಣ್ಣಿನಲ್ಲಿ ಸ್ವಲ್ಪವಾದರೂ ದೃಷ್ಟಿಯಿರುವ ಮಗುವಿಗೆ ದಪ್ಪನೆಯ ಮೈನಸ್ ಕನ್ನಡಕ, ದೃಷ್ಟಿ ಪ್ರಚೋದನೆಯ ಅಭ್ಯಾಸಗಳು, ಸ್ಪರ್ಶದಿಂದಲೂ ಶಬ್ದದಿಂದಲೂ ಕಲಿಸುವ ಆರಂಭಿಕ ತರಬೇತಿ ಬೇಕು, ಮತ್ತು ಅವು ಶುರುವಾಗಬೇಕಾದದ್ದು ಮೊದಲ ವರ್ಷಗಳಲ್ಲೇ. ತೀರ್ಪಿಗೆ ಕಾಯುತ್ತಾ ಕೂತರೆ ಆ ವರ್ಷಗಳು ಮುಗಿದುಹೋಗುತ್ತವೆ. ಜೊತೆಗೆ, ಪರಿಹಾರದ ಮೊತ್ತ ನಿರ್ಧಾರವಾಗುವುದೇ ಈ ಮುಂದಿನ ಅಗತ್ಯಗಳ ಲೆಕ್ಕದ ಮೇಲೆ. ಆದ್ದರಿಂದ ಕಾನೂನಿನ ದೃಷ್ಟಿಯಿಂದ ನೋಡಿದರೂ ಪುನಶ್ಚೇತನ ತಜ್ಞರ ಅಂದಾಜು ಮೊದಲ ವರದಿಯಲ್ಲೇ ಇರಬೇಕಿತ್ತು. ನಾವು ಈ ಮಾತನ್ನು ಬರೆದು ಕೊಟ್ಟ ಮೇಲೆ ಕಚೇರಿ ತನ್ನ ಪ್ರಶ್ನಾವಳಿಗೆ ಒಂದು ಪುಟ ಸೇರಿಸಿದೆ: ಮಗು ಈಗ ಎಲ್ಲಿ ಚಿಕಿತ್ಸೆ ಪಡೆಯುತ್ತಿದೆ, ಕನ್ನಡಕ ಸಿಕ್ಕಿದೆಯೇ, ತರಬೇತಿ ಶುರುವಾಗಿದೆಯೇ, ಇಲ್ಲದಿದ್ದರೆ ಅಡ್ಡಿ ಏನು.

ಇಂಥ ಕಚೇರಿಗೆ ಯಾರು ಹೋಗಬೇಕು ಎಂದು ಕೇಳಿದರೆ, ತಪಾಸಣೆ ತಪ್ಪಿದ, ತಡವಾದ, ಅಥವಾ ಲಕ್ಷಣವನ್ನು ಹೇಳಿದರೂ ಯಾರೂ ಗಮನಿಸದ ಅನುಮಾನವಿರುವ ಪೋಷಕರು ಖಂಡಿತ ಹೋಗಬಹುದು. ಹೋಗುವಾಗ ಮಗುವಿನ ಜನನದ ವಾರ ಮತ್ತು ತೂಕ, ಡಿಸ್ಚಾರ್ಜ್ ಸಾರಾಂಶ, ಮೊಬೈಲಿನಲ್ಲಿರುವ ಮಗುವಿನ ಹಳೆಯ ಫೋಟೋಗಳು ಜೊತೆಗಿರಲಿ. ಫ್ಲ್ಯಾಶ್ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಪಾಪೆ ಯಾವ ಬಣ್ಣಕ್ಕೆ ಕಂಡಿದೆ ಎಂಬುದು ತಾರೀಖಿನ ಸಮೇತ ದಾಖಲಾಗಿರುತ್ತದೆ. ಮತ್ತು ದಾಖಲೆಗಳನ್ನು ಯಾವ ತಜ್ಞರು ಓದುತ್ತಾರೆ, ಅವರು ಶಿಶುಗಳ ಕಣ್ಣನ್ನು ದಿನವೂ ನೋಡುವವರೇ ಎಂಬ ಪ್ರಶ್ನೆಗೆ ಶುಲ್ಕ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.